ಅಪ್‌ಡೇಟ್: ಅಮ್ಮನ ಕಾರ್ನಿಯಾ ಹುಣ್ಣು ಮುಚ್ಚಿದೆ

ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆ) ಇರುವ ಅಮ್ಮನಿಗೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಅಂಚಿನಲ್ಲಿ ಹುಣ್ಣು, ಆಂಟಿಬಯಾಟಿಕ್ ಹನಿಗೆ ಜಗ್ಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಮುಚ್ಚಿದೆ. ‘ಮೊದಲು ಹುಣ್ಣು ಕೆರೆದು ಕಲ್ಚರ್ (ಸೋಂಕಿನ ಜೀವಿ ಬೆಳೆಯುತ್ತದಾ ಎಂಬ ಪರೀಕ್ಷೆ) ಮಾಡಿಸಿ, ಕಣ್ಣೀರೂ ಅಳೆಸಿ’ ಎಂದವರ ಸಲಹೆಯೇ ಫಲಿಸಿತು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಕಣ್ಣೀರು ಅಳೆಯಲು ರೆಪ್ಪೆಯೊಳಗೆ ಇಡುವ ಶಿರ್ಮರ್ ಕಾಗದದ ಪಟ್ಟಿ ಮಾತ್ರ 5 ನಿಮಿಷಕ್ಕೆ 2 ಮಿ.ಮೀ. ಒದ್ದೆಯಾಯಿತು; 5 ಮಿ.ಮೀ.ಗಿಂತ ಕಡಿಮೆಯಾದರೆ ಕಣ್ಣು ತೀರಾ ಒಣಗಿದೆ ಎಂದೇ ಲೆಕ್ಕ. ರಕ್ತಪರೀಕ್ಷೆಯಲ್ಲಿ ಶೋಗ್ರೆನ್ (ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳನ್ನು ಒಣಗಿಸುವ ಕಾಯಿಲೆ) ಕೂಡ ಸಿಕ್ಕಿತು, ಲಿವರ್ ಕಾಯಿಲೆಗೆ ಅದು ಹಳೇ ಜೊತೆಗಾರ.

ಸೋಂಕಿಲ್ಲ ಎಂದು ಖಾತ್ರಿಯಾದ ಮೇಲೆ ರೋಗನಿರೋಧಕ ದಾಳಿ ತಗ್ಗಿಸುವ ಸ್ಟೀರಾಯ್ಡ್, ಪ್ರೆಡ್ನಿಸೋಲೋನ್ ಮಾತ್ರೆ ಏರಿಸಿದರು, ಪ್ರಿಸರ್ವೇಟಿವ್ ಇಲ್ಲದ ಕಣ್ಣೀರ ಹನಿ ಗಂಟೆಗೊಮ್ಮೆ. ಅದೇ ದಾಳಿ ತಗ್ಗಿಸುವ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್‌ನ ಸಲಹೆ ನಡೆಯಲಿಲ್ಲ, ಲಿವರ್‌ಗೇ ಪೆಟ್ಟು ಎಂದು ಡಾಕ್ಟರು ಬೇಡವೆಂದರು, ಬದಲಿಗೆ ಅದೇ ಕೆಲಸದ ಮೈಕೋಫಿನೋಲೇಟ್ ಕೊಟ್ಟರು.

ಗೊತ್ತೇ ಇರದಿದ್ದ ಸಂಗತಿ: ನೋವಿಗೆಂದು ಬಿಡುವ ಕೆಟೊರೊಲ್ಯಾಕ್ ಹನಿ ಇಂಥ ಒಣ ಕಣ್ಣಿನ ಕಾರ್ನಿಯಾವನ್ನೇ ಕರಗಿಸಬಲ್ಲದು. ಅದನ್ನು ಮೊದಲ ದಿನವೇ ನಿಲ್ಲಿಸಿದರು.