ಕಿರುಚಿತ್ರಕ್ಕೆ ಡೈನೋಸಾರ್ ಬೇಕು, ಕೈಯಲ್ಲಿರುವುದು 40,000 ರೂಪಾಯಿ

ಬದಿಯಡ್ಕದಿಂದ ಪ್ರಶ್ನೆ:

ನಮ್ಮ ಯುವಕ ಸಂಘದಿಂದ 12 ನಿಮಿಷದ ಕನ್ನಡ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಬಾಹ್ಯಾಕಾಶ ನೌಕೆಯೊಂದು ಕೆಟ್ಟು 6.6 ಕೋಟಿ ವರ್ಷ ಹಿಂದಿನ ಭೂಮಿಗೆ ಬೀಳುತ್ತದೆ. ಉಳಿದವರು ಇಬ್ಬರು: ಚಾಲಕಿ, ಮತ್ತು ಕಾಲು ಮುರಿದ ಮೆಕ್ಯಾನಿಕ್. ಸೌರಫಲಕದಿಂದ ಬ್ಯಾಟರಿ ತುಂಬುವ ತನಕ ಜೀವ ಉಳಿಸಿಕೊಳ್ಳಬೇಕು, ಆದರೆ ಕ್ಷುದ್ರಗ್ರಹ ಬಡಿದು ಆಕಾಶವೇ ಕಪ್ಪಾಗತೊಡಗಿದೆ. ಟಿ. ರೆಕ್ಸ್ ಇರಲೇಬೇಕೆಂದು ಹುಡುಗರ ಹಠ. ಕ್ಯಾಮೆರಾ ಮೊಬೈಲಿನದೇ, ಗ್ರಾಫಿಕ್ಸ್ ಬಲ್ಲವರು ಇಲ್ಲ. ಮೇ ಕೊನೆಗೆ ಕೆಂಪುಕಲ್ಲಿನ ಕೋರೆಯಲ್ಲಿ ಶೂಟಿಂಗ್. ಬಲ್ಲವರು ದಾರಿ ಹೇಳಿ.

ನೀರ್ಚಾಲಿನಿಂದ:

ಮೊದಲು ಆ ಟಿ. ರೆಕ್ಸನ್ನು ಬಿಡಿ. ಅದು ಉತ್ತರ ಅಮೆರಿಕದ ಪ್ರಾಣಿ. ಆ ಕಾಲಕ್ಕೆ ಭಾರತ ಏಷ್ಯಾಕ್ಕೆ ಅಂಟಿರಲಿಲ್ಲ, ಸಮಭಾಜಕ ವೃತ್ತದ ದಕ್ಷಿಣಕ್ಕೆ ಸಮುದ್ರದ ನಡುವೆ ಇತ್ತು. ನಮ್ಮದೇ ಒಂದು ಬೇಟೆಗಾರ ಇದೆಯಲ್ಲ: ರಾಜಾಸಾರಸ್ ನರ್ಮದೆನ್ಸಿಸ್. ಮೂಳೆ ಸಿಕ್ಕಿದ್ದು ಗುಜರಾತಿನ ರಾಹಿಯೋಲಿಯಲ್ಲಿ, ಹೆಸರಿಟ್ಟದ್ದು 2003ರಲ್ಲಿ. ಉದ್ದ ಸುಮಾರು 7 ಮೀಟರ್, ಹಣೆಯ ಮೇಲೆ ಒಂದೇ ಒಂದು ಗಿಡ್ಡ ಕೊಂಬು. ಅದು ಅಬೆಲಿಸಾರ್ ಗುಂಪಿನದು, ಆ ಗುಂಪಿಗೆ ಮುಂಗೈ ಹೆಸರಿಗಷ್ಟೇ. ಬೊಂಬೆ ಮಾಡುವವರಿಗೆ ಇದು ದೊಡ್ಡ ಉಪಕಾರ, ಕೈ ಆಡಿಸುವ ತಂತಿಯೇ ಬೇಡ.

ಭಯಕ್ಕೆ ಇನ್ನೊಂದು ಪ್ರಾಣಿ ಅಗ್ಗದಲ್ಲಿ ಸಿಗುತ್ತದೆ. ಸನಾಜೆ ಇಂಡಿಕಸ್ ಎಂಬ ಸುಮಾರು ಮೂರೂವರೆ ಮೀಟರಿನ ಹಾವು. ಗುಜರಾತಿನಲ್ಲಿ ದೈತ್ಯ ಸಸ್ಯಾಹಾರಿ ಡೈನೋಸಾರಿನ ಗೂಡಿನಲ್ಲಿ, ಮೊಟ್ಟೆಯನ್ನು ಸುತ್ತಿಕೊಂಡಂತೆಯೇ ಕಲ್ಲಾಗಿ ಸಿಕ್ಕಿತು. ಪಕ್ಕದಲ್ಲಿ ಆಗತಾನೇ ಹೊರಬಂದ ಮರಿಯ ಮೂಳೆಯೂ ಇತ್ತು. ಬಲೂನಿನ ಮೇಲೆ ಪೇಪರ್ ಅಂಟಿಸಿ 15ರಿಂದ 17 ಸೆಂಟಿಮೀಟರ್ ಅಗಲದ ಮೊಟ್ಟೆ ಮಾಡಿ, ಕೋರೆಯ ಹುಡಿಮಣ್ಣಲ್ಲಿ ಆರೇಳನ್ನು ಅರ್ಧ ಹೂತಿಡಿ. ಒಂದು ಇಡೀ ದೃಶ್ಯ ಅಷ್ಟರಲ್ಲೇ ಮುಗಿಯುತ್ತದೆ.

ಕ್ಷುದ್ರಗ್ರಹ ಬಿದ್ದದ್ದು ಮೆಕ್ಸಿಕೊದ ಯುಕಾಟನ್ನಿನಲ್ಲಿ, ಅದು ತೋಡಿದ ಕುಳಿಯ ಅಗಲ ಸುಮಾರು 180 ಕಿ.ಮೀ. ಭಾರತದಿಂದ ಅದು ಬೀಳುವುದು ಕಾಣುವುದೇ ಇಲ್ಲ, ಹಾಗಾಗಿ ಬೆಂಕಿಯುಂಡೆಯ ಗ್ರಾಫಿಕ್ಸ್ ಖರ್ಚು ಉಳಿಯಿತು. ಮೊದಲು ನೆಲ ನಡುಗಲಿ, ಆಮೇಲೆ ಆಕಾಶ ಕೆಂಪಾಗಲಿ, ಕೊನೆಗೆ ಕತ್ತಲೆ.

ಹಿನ್ನೆಲೆಯಲ್ಲಿ ಗೇರು, ರಬ್ಬರ್, ಅಕೇಶಿಯಾ ಬಂದರೆ ಕೆಟ್ಟಿತು. ಗೇರು ಪೋರ್ಚುಗೀಸರ ಸಂಗಡ ಬಂದದ್ದು. ತಾಳೆಯ ಜಾತಿ, ಜರಿಗಿಡ, ಸೈಕಾಸ್ (ಮಲಯಾಳಿಗಳು ಈಂದ್ ಎನ್ನುವ ಗಿಡ) ಧಾರಾಳ ಇರಲಿ. ಅಡಿಕೆ ತೋಟ ಮಾತ್ರ ಬೇಡ, ಸಾಲು ಕಂಡ ಕೂಡಲೇ ತೋಟವೆಂದು ಗೊತ್ತಾಗುತ್ತದೆ. ಆಗ ಹುಲ್ಲೇ ಇರಲಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಮಹಾರಾಷ್ಟ್ರದ ಪಿಸ್ದುರಾ ಹೆಸರು ಹೇಳಿ. ಅಲ್ಲಿನ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಕಣ ಸಿಕ್ಕಿದೆ, 2005ರಲ್ಲಿ ಪ್ರಕಟವಾಗಿದೆ. ಆದರೂ ಪದವಿನ (ಗುಡ್ಡದ ಮೇಲಿನ ಬಯಲಿನ) ತುಂಬ ಮುಳಿಹುಲ್ಲು ತೋರಿಸುವುದು ಬೇಡ.

ಕುಂಬಳೆಯಿಂದ:

ನೀರ್ಚಾಲಿನ ಮಾಷ್ಟ್ರು ಪ್ರಾಣಿ ಆರಿಸಿ ಕೊಟ್ಟರು, ಮೈ ನಾನು ಹೇಳುತ್ತೇನೆ. ಪೂರ್ತಿ ಗಾತ್ರದ್ದು ಒಂದನ್ನು ಕಟ್ಟಲು ಹೋಗಬೇಡಿ. ನಾಲ್ಕು ತುಂಡು ಸಾಕು: ಕುತ್ತಿಗೆಯವರೆಗೆ ನಿಜ ಗಾತ್ರದ ತಲೆ, ಮೂರು ಬೆರಳಿನ ಒಂದು ಪಾದ, ಬಾಲದ ತುದಿ, ಮತ್ತೆ 16ರಲ್ಲಿ ಒಂದು ಪಾಲಿನ ಪೂರ್ತಿ ಬೊಂಬೆ. 7 ಮೀಟರಿಗೆ ಬೊಂಬೆ 44 ಸೆಂಟಿಮೀಟರ್ ಆಗುತ್ತದೆ.

ತಲೆಗೆ ಬಿದಿರಿನ ಸೀಳಿನ ಚೌಕಟ್ಟು, ಮೇಲೆ ಅಡಿಕೆ ಹಾಳೆ. ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಾಗಿಸಿ, ಹಗ್ಗದಲ್ಲಿ ಬಿಗಿದು ನೆರಳಲ್ಲಿ ಒಣಗಿಸಿದರೆ ಕೊಟ್ಟ ಆಕಾರ ನಿಲ್ಲುತ್ತದೆ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಎರಡೂ ಬದಿಗೆ ಫೆವಿಕಾಲ್ ಬಳಿಯಿರಿ, ಇಲ್ಲದಿದ್ದರೆ ಮೊದಲ ಮಳೆಗೇ ಬೂಷ್ಟು.

ಚರ್ಮಕ್ಕೆ ಗುಜ್ಜೆ, ಅಂದರೆ ಹಲಸಿನ ಎಳೆ ಕಾಯಿ. ರಾಜಾಸಾರಸಿನ ನಂಟ ಅರ್ಜೆಂಟೀನಾದ ಕಾರ್ನೊಟಾರಸಿನ ಚರ್ಮದ ಅಚ್ಚು ಸಿಕ್ಕಿದೆ, ಅದರಲ್ಲಿ ಒಂದರ ಮೇಲೊಂದು ಏರದ ಗುಳ್ಳೆ ಗುಳ್ಳೆ ಹುರುಪೆ. ಎಳೆ ಗುಜ್ಜೆಯ ಮುಳ್ಳು ಅದಕ್ಕೆ ಸರಿಯಾಗುತ್ತದೆ, ಬಲಿತ ಹಲಸು ಬೇಡ. ಮೇ ತನಕ ಕಾದರೆ ಎಳೆಯದು ಸಿಗಲಿಕ್ಕಿಲ್ಲ, ಅಚ್ಚು ಈಗಲೇ ತೆಗೆದಿಡಿ. ಗುಜ್ಜೆಯನ್ನು ಉದ್ದಕ್ಕೆ ಸೀಳಿ, ಮೇಣ ಒರೆಸಿ, ಸಿಪ್ಪೆಗೆ ಸೋಪಿನ ನೀರು ಬಳಿದು ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ. 1 ಕೆ.ಜಿ. ಪುಡಿಗೆ 600ರಿಂದ 700 ಮಿ.ಲೀ. ನೀರು. ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗಲ್ಲ, ಗಂಟು ಕಟ್ಟುತ್ತದೆ. ಗಟ್ಟಿಯಾದ ಮೇಲೆ ಗುಜ್ಜೆಯನ್ನು ಎಳೆಯಬೇಡಿ, ಮುಳ್ಳು ಕಚ್ಚಿಕೊಂಡಿರುತ್ತದೆ. ಚಮಚದಿಂದ ಕೆರೆದು ತೆಗೆಯಿರಿ. ಅಚ್ಚು ಪೂರ್ತಿ ಒಣಗಲು ನಾಲ್ಕೈದು ದಿನ ಬಿಸಿಲು ಬೇಕು.

ಆಮೇಲೆ ಅಚ್ಚಿಗೆ ಬಳಿಯಲು ಲ್ಯಾಟೆಕ್ಸ್, ಅಂದರೆ ದ್ರವ ರಬ್ಬರ್. ತೋಟದಿಂದ ಆಗಷ್ಟೇ ಇಳಿಸಿದ ರಬ್ಬರ್ ಹಾಲು ಪುಕ್ಕಟೆ ಸಿಗುತ್ತದೆಂದು ಆಸೆ ಪಡಬೇಡಿ. ಅದು ಕೆಲವೇ ಗಂಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ, ಬಳಿದರೂ ಬಿಸಿಲಿಗೆ ಅಂಟಂಟು. ಅಂಗಡಿಯಲ್ಲಿ ‘ಪ್ರೀವಲ್ಕನೈಸ್ಡ್’ ಎಂದೇ ಕೇಳಿ. ಅಚ್ಚಿಗೆ ಎಣ್ಣೆ ಹಚ್ಚಲೇಬಾರದು, ಎಣ್ಣೆ ರಬ್ಬರಿನ ಶತ್ರು. ತೆಳ್ಳಗೆ ಮೂರು ಕೋಟ್ ಬಳಿದು, ಎರಡನೆಯದರ ಮೇಲೆ ಹಳೆ ಮುಂಡಿನ ತುಂಡು ಕೂರಿಸಿ. ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಕಿತ್ತು ತೆಗೆಯುವ ಮುಂಚೆ ಟಾಲ್ಕಂ ಪೌಡರ್ ಉದುರಿಸಿ, ಮರೆತರೆ ರಬ್ಬರಿನ ಹಾಳೆ ತನಗೆ ತಾನೇ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಬ್ರಷ್ಷನ್ನು ಮೊದಲೇ ಸೋಪಿನ ನೀರಿನಲ್ಲಿ ಅದ್ದಿಕೊಳ್ಳಿ. ಬಣ್ಣಕ್ಕೆ ಅಕ್ರಿಲಿಕ್ಕನ್ನು ಸ್ವಲ್ಪ ಲ್ಯಾಟೆಕ್ಸಿಗೆ ಬೆರೆಸಿ ಬಳಿಯಿರಿ, ಎನಾಮೆಲ್ ಬಳಿದರೆ ಬಾಯಿ ತೆರೆದ ಕೂಡಲೇ ದವಡೆಯ ಸಂದಿಯಲ್ಲಿ ಬಿರುಕು. ಅಮೋನಿಯಾ ವಾಸನೆ ಇರುತ್ತದೆ, ಜಗಲಿಯಲ್ಲಿ ಮಾಡಿ, ಕೋಣೆಯಲ್ಲಿ ಬೇಡ. ರಬ್ಬರ್ ಗ್ಲೌಸ್‌ಗೆ ತುರಿಕೆ ಬರುವವರು ಹತ್ತಿರ ಬರಬಾರದು.

ಸಣ್ಣ ಬೊಂಬೆಗೆ ನಮ್ಮ ಯಕ್ಷಗಾನ ಬೊಂಬೆಯ ಹಾಗೆ ಮೇಲಿನಿಂದ ಸೂತ್ರ ಕಟ್ಟುವ ಯೋಚನೆ ಬಂದೇ ಬರುತ್ತದೆ. ಇಲ್ಲಿ ಅದು ಬೇಡ. ಸೂತ್ರದಲ್ಲಿ ಪಾದ ನೆಲ ಬಿಟ್ಟು ತೇಲುತ್ತದೆ, ಟನ್ನುಗಟ್ಟಲೆ ತೂಗುವ ಪ್ರಾಣಿ ಗಾಳಿಪಟವಾಗುತ್ತದೆ. ಕೆಳಗಿನಿಂದ 4 ಮಿ.ಮೀ. ಕಬ್ಬಿಣದ ಸರಳು ಏರಿಸಿ, ಪಾದದೊಳಗೆ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿ.

ಮಂಜೇಶ್ವರದಿಂದ:

ಕ್ಯಾಮೆರಾದ ಲೆಕ್ಕ. ಸಣ್ಣ ಬೊಂಬೆ ದೊಡ್ಡದಾಗಿ ಕಾಣಬೇಕಾದರೆ ವೇಗ ಹೆಚ್ಚಿಸಿ ಶೂಟ್ ಮಾಡಿ ನಿಧಾನಕ್ಕೆ ಓಡಿಸಬೇಕು. ಎಷ್ಟು ಪಾಲು ಚಿಕ್ಕದೋ ಅದರ ವರ್ಗಮೂಲವನ್ನು 24ಕ್ಕೆ (ಸಿನಿಮಾ ಸೆಕೆಂಡಿಗೆ ಓಡುವ ಫ್ರೇಮ್) ಗುಣಿಸಿ. 16ರ ವರ್ಗಮೂಲ 4, ಅಲ್ಲಿಗೆ ಸೆಕೆಂಡಿಗೆ 96 ಫ್ರೇಮ್. ಮೊಬೈಲಿನಲ್ಲಿ 96 ಇರುವುದಿಲ್ಲ, 120 ಇಟ್ಟು ಬೊಂಬೆಯನ್ನು ಸ್ವಲ್ಪ ಚುರುಕಾಗಿ ಆಡಿಸಿ. 120ರಲ್ಲಿ ಬೆಳಕು ತುಂಬ ಬೇಕು, ಬಿಸಿಲಲ್ಲೇ ಮಾಡಿ. ಟ್ಯೂಬ್‌ಲೈಟಿನಡಿ ಮಿಣುಕುತ್ತದೆ.

ನಟಿಯೂ ಬೊಂಬೆಯೂ ಒಂದೇ ಫ್ರೇಮಿನಲ್ಲಿ ಬೇಕಾದರೆ ದೂರದ ಆಟ. ನಟಿ 10 ಮೀಟರ್ ದೂರದಲ್ಲಿದ್ದರೆ ಬೊಂಬೆ ಲೆನ್ಸಿನಿಂದ 62 ಸೆಂಟಿಮೀಟರ್‌ನಲ್ಲಿ, ಅಂದರೆ 10 ಮೀಟರಿನ 16ನೇ ಒಂದು ಪಾಲು. ಮುಖ್ಯ ಕ್ಯಾಮೆರಾದಲ್ಲಿ ಇಬ್ಬರಲ್ಲಿ ಒಬ್ಬರು ಮಸುಕಾಗುತ್ತಾರೆ, ಅಲ್ಟ್ರಾವೈಡ್ ಬಳಸಿ. ಟ್ರೈಪಾಡ್ ಅಲುಗಿಸಬೇಡಿ, ಅಲುಗಿದರೆ ಗುಟ್ಟು ರಟ್ಟು. ಬೊಂಬೆಯ ಅಡಿಯ ಹಲಗೆಗೆ ಅದೇ ಕೋರೆಯ ಮಣ್ಣನ್ನು ಜರಡಿ ಹಿಡಿದು ಹರಡಿ, ಹಲಗೆಯ ಅಂಚು ಹಿಂದಿನ ನೆಲದ ಜೊತೆ ಕೂಡುವ ಎತ್ತರ ಹುಡುಕಿ. ಈ ಶಾಟಿಗೆ 120 ಆಗದು, ನಟಿಯೂ ನಿಧಾನವಾಗುತ್ತಾಳೆ. 24 ಫ್ರೇಮ್, ಶಟರ್ 1/50. ಬೊಂಬೆಯ ತಲೆ ಮಾತ್ರ ಮೆಲ್ಲಗೆ ತಿರುಗಲಿ, ನಡೆಸಬೇಡಿ.

ಕೋರೆಯ ಗೋಡೆಯಲ್ಲಿ ಕಟ್ಟಿಂಗ್ ಮೆಷಿನ್ನಿನ ಗೆರೆ ಎದ್ದು ಕಾಣುತ್ತದೆ. ಪಾಚಿ ಕಟ್ಟಿದ ಹಳೆ ಕೋರೆ ಹುಡುಕಿ, ನೀರು ನಿಂತದ್ದು ಬೇಡ.

ಬದಿಯಡ್ಕದಿಂದ ಮತ್ತೆ:

ತುಂಬ ಉಪಕಾರ. ಮಳೆ ಬೇಗ ಬಂದರೆ? ಮತ್ತೆ, ಇಬ್ಬರೂ ಅಡಗುವ ದೃಶ್ಯಕ್ಕೆ ಮನೆಯ ಹಿಂದೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ ಆದೀತಾ?

ಕುಂಬಳೆಯಿಂದ:

ತಲೆಯೊಳಗೆ ಸ್ಪಂಜು ತುಂಬಿದ್ದರೆ ಮಳೆಗೆ ಹಿಡಿಯಬೇಡಿ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಯಾಂತ್ರಿಕ ಟಿ. ರೆಕ್ಸ್ ಮಳೆಯ ದೃಶ್ಯದಲ್ಲಿ ನೀರು ಕುಡಿದು, ತೂಕ ಹೆಚ್ಚಾಗಿ ಗಡಗಡ ನಡುಗತೊಡಗಿತ್ತು, ಟವೆಲಿನಲ್ಲಿ ಒರೆಸಿ ಒರೆಸಿ ಕೆಲಸ ಮುಗಿಸಿದರು. ಒಳಗೆ ಖಾಲಿ ಬಿಡಿ, ದವಡೆಯ ಕೆಳಗೆ ನೀರು ಇಳಿಯಲು ಎರಡು ತೂತು.

ಮುಳ್ಳೇರಿಯದಿಂದ:

ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಸಿಂಹದ ಗರ್ಜನೆ ಹಾಕಬೇಡಿ. ಡೈನೋಸಾರಿನ ನಂಟು ಹಕ್ಕಿ, ಮೊಸಳೆಗಳ ಜೊತೆ, ಅವು ಬಾಯಿ ಮುಚ್ಚಿಯೇ ಗುಮ್ಮೆನ್ನಬಲ್ಲವು. ಕೆಂಬೂತದ ‘ಊಪ್ ಊಪ್’ ರೆಕಾರ್ಡ್ ಮಾಡಿ ನಾಲ್ಕನೇ ಒಂದು ವೇಗಕ್ಕೆ ಇಳಿಸಿ, ಎರಡು ಸಪ್ತಕ ಕೆಳಗೆ ಹೋಗುತ್ತದೆ. ಮೊಬೈಲಿನ ಸ್ಪೀಕರಿಗೆ ತೀರಾ ತಗ್ಗು ಸದ್ದು ಕೇಳಿಸದು, ಮೇಲೆ ಎಮ್ಮೆಯ ಉಸಿರಿನ ಒಂದು ಪದರ ಇರಲಿ. ಮೊಸಳೆಯ ಸದ್ದಿಗೆಂದು ಅನಂತಪುರದ ಕೆರೆಗೆ ಮೈಕ್ ಹಿಡಿದು ಹೋಗಬೇಡಿ ಮಾರಾಯ್ರೆ, ಅದು ದೇವಸ್ಥಾನ.

ಸುರಂಗ ಖಂಡಿತ ಬೇಡ. ಒಳಗೆ ಗಾಳಿ ಕಡಿಮೆ, ಒಬ್ಬರು ನಡೆಯುವಷ್ಟೇ ಅಗಲ, ಮಳೆ ಹಿಡಿದ ಮಣ್ಣು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಲೈಟು, ಟ್ರೈಪಾಡ್, ನಾಲ್ಕು ಜನ ತುಂಬಿದರೆ ಓಡಿ ಬರಲೂ ದಾರಿ ಇಲ್ಲ. ಕೋರೆಯ ಮೂಲೆಯೊಂದರಲ್ಲಿ ಎರಡು ಅಡಿ ಜಾಗ ಬಿಟ್ಟು ಕೆಂಪುಕಲ್ಲನ್ನು ಸೊಂಟದೆತ್ತರಕ್ಕೆ ಪೇರಿಸಿ, ಮೇಲೂ ಹಿಂದೂ ಕಪ್ಪು ಬಟ್ಟೆ ಕಟ್ಟಿ, ಇಬ್ಬರನ್ನೂ ಕುಕ್ಕರಗಾಲಲ್ಲಿ ಕೂರಿಸಿ. ಕ್ಯಾಮೆರಾ ಒಳಗಿನಿಂದ ಹೊರಕ್ಕೆ ನೋಡಲಿ, ಆ ಎರಡು ಅಡಿಯ ಬೆಳಕಿಗೆ ಅಡ್ಡವಾಗಿ ಪಾದದ ತುಂಡನ್ನು ಇಳಿಸಿದರೆ ಸಾಕು.