ಲಯನ್‌ಹೆಡ್ ಸಿಚ್ಲಿಡ್ ಈಜುತ್ತಲೇ ಇಲ್ಲ, ಸಾಕಿದವರು ಹೇಳಿ

ಹೋದ ವಾರ ಮೂರು ಅಡಿ ಟ್ಯಾಂಕಿಗೆ ಎರಡು ಲಯನ್‌ಹೆಡ್ ಸಿಚ್ಲಿಡ್ ಮೀನು ತಂದೆ. ತಳದಲ್ಲೇ ಕೂತು ಕುಪ್ಪಳಿಸುತ್ತವೆ. ಸ್ವಲ್ಪ ಮೇಲೆ ಬಂದರೂ ಕಲ್ಲಿನ ಹಾಗೆ ಕೆಳಗಿಳಿಯುತ್ತವೆ. ಅಂಗಡಿಯವರು ಕಾಯಿಲೆ, ಉಪ್ಪು ಹಾಕಿ ಅಂದರು. ಹಾಕಲಾ?

— ದಯವಿಟ್ಟು ಹಾಕಬೇಡಿ. ನಿಮ್ಮ ಮೀನು ಚೆನ್ನಾಗಿಯೇ ಇದೆ. ಲಯನ್‌ಹೆಡ್ ಹೆಸರಿನ ಗೋಲ್ಡ್‌ಫಿಶ್ ಬೇರೆ. ಅದು ಹೀಗೆ ತಳ ಹಿಡಿದರೆ ಚಿಂತೆ ಮಾಡಬೇಕು. ಇದು ಆಫ್ರಿಕಾದ ಕಾಂಗೋ ನದಿಯ ಮೀನು. ಕಿನ್ಶಾಸಾ ನಗರ ದಾಟಿದ ಮೇಲೆ ನದಿ ಬಂಡೆಗಳ ನಡುವೆ ಭೋರ್ಗರೆದು ಇಳಿಯುತ್ತದಲ್ಲ, ಅಲ್ಲಿನ ಸಂದುಗಳಲ್ಲಿ ಇದರ ವಾಸ. ಆ ರಭಸದಲ್ಲಿ ತೇಲಿದರೆ ಕೊಚ್ಚಿಕೊಂಡು ಹೋಗುತ್ತದೆ ಅಲ್ವಾ? ಅದಕ್ಕೇ ಮೀನನ್ನು ತೇಲಿಸುವ ಹೊಟ್ಟೆಯೊಳಗಿನ ಗಾಳಿಚೀಲ ಇದಕ್ಕೆ ತೀರಾ ಚಿಕ್ಕದು.

ನಾನೂ ಮೊದಲು ಹೆದರಿದ್ದೆ. ಆಮೇಲೆ ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ತಳ್ಳುವ ಪುಟ್ಟ ಪಂಪ್) ಹಾಕಿ ಒಂದು ಕಡೆಯಿಂದ ನೀರು ಜೋರಾಗಿ ಹರಿಯುವ ಹಾಗೆ ಮಾಡಿದೆ. ಅರ್ಧ ಗಂಟೆಯಲ್ಲಿ ಗಂಡು ಬಂದು ಹರಿವಿಗೇ ಮುಖ ಕೊಟ್ಟು ಕೂತಿತು. ಹೊಟ್ಟೆ ಕೆಳಗಿನ ಈಜುರೆಕ್ಕೆ ಕಲ್ಲಿಗೆ ಊರಿ, ಕಣ್ಣು ಮಾತ್ರ ಹೊರಳಿಸುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಅದೇ.

— ಕರೆಂಟ್ ಹೋದರೆ ಹರಿವೂ ನಿಲ್ಲುತ್ತದೆ, ಜೋಪಾನ. ಹರಿಯುವ ನೀರಿನ ಮೀನಿಗೆ ಗಾಳಿ ಜಾಸ್ತಿ ಬೇಕು. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ನೀರು 24ರಿಂದ 28 ಡಿಗ್ರಿ ಇರಲಿ. ತಳಕ್ಕೆ ಮುಳುಗುವ ಆಹಾರವನ್ನೇ ಹಾಕಿ.

— ಎರಡೂ ಗಂಡೇ ಏನೋ ನೋಡಿ. ಬೆಳೆದ ಗಂಡಿನ ಹಣೆ ಮೇಲೆ ಕೊಬ್ಬಿನ ಗುಬುಟು ಏಳುತ್ತದೆ. ಸ್ಟಿಯಾಟೊಕ್ರಾನಸ್ ಅನ್ನುವ ಇದರ ವೈಜ್ಞಾನಿಕ ಹೆಸರೂ ಅದರಿಂದಲೇ ಬಂದದ್ದು, ಗ್ರೀಕಿನಲ್ಲಿ ಕೊಬ್ಬಿನ ಬುರುಡೆ ಎಂದು ಅರ್ಥ. ನಾನು ಗೊತ್ತಿಲ್ಲದೆ ಎರಡು ಗಂಡು ತಂದಿದ್ದೆ. ಬೆಳಗಾಗುವಷ್ಟರಲ್ಲಿ ಒಂದರ ಬಾಲ ಚಿಂದಿಯಾಗಿತ್ತು. ಮೀನಿಗೊಂದರಂತೆ ಮಣ್ಣಿನ ಹೂಕುಂಡ ಅಡ್ಡ ಮಲಗಿಸಿ. ಜೋಡಿ ಕೂಡಿದರೆ ಬೇರೆ ಮಾಡಬೇಡಿ. ನಮ್ಮ ಹೆಣ್ಣು ಸತ್ತ ಮೇಲೆ ಇನ್ನೊಂದು ತಂದೆವು. ಗಂಡು ಅದನ್ನು ಹತ್ತಿರ ಸೇರಿಸಲೇ ಇಲ್ಲ. ಪಾಪ, ವಾಪಸ್ ಕೊಟ್ಟು ಬಂದೆ.

— ಎಲ್ಲರಿಗೂ ಥ್ಯಾಂಕ್ಸ್. ಉಪ್ಪು ಹಾಕಲಿಲ್ಲ, ಕುಂಡ ಇಟ್ಟೆ. ದೊಡ್ಡದು ಈಗ ಕುಂಡದ ಬಾಯಲ್ಲಿ ಕೂತು ಬಾಯ್ತುಂಬ ಮರಳು ತಂದು ಹೊರಗೆ ಉಗುಳುತ್ತಿದೆ. ಇದು ಸರಿನಾ?

— ಸರಿಯೇ, ಮನೆ ಮಾಡಿಕೊಳ್ಳುತ್ತಿದೆ. ಆದರೆ ದೊಡ್ಡ ಕಲ್ಲುಗಳು ಮರಳಿನ ಮೇಲಿದ್ದರೆ ಇವತ್ತೇ ತೆಗೆದು ಟ್ಯಾಂಕಿನ ತಳದ ಗಾಜಿನ ಮೇಲೇ ಕೂರಿಸಿ. ಅಡಿಯ ಮರಳು ತೋಡಿ ತೆಗೆದರೆ ಕಲ್ಲು ಮೀನಿನ ಮೇಲೇ ಜರಿಯುತ್ತದೆ.