ಬಟನ್ ಒತ್ತಿದರೂ ಟೈಮರ್ ನಿಲ್ಲುತ್ತಿಲ್ಲ: ಅನುಭವವಿದ್ದವರು ತಿಳಿಸಿ

ಪೀಣ್ಯದಿಂದ:
ನಮಸ್ಕಾರ. ಇಲ್ಲಿನ ಒಂದು ಕಾರ್ಖಾನೆಗಾಗಿ, ಯಂತ್ರಗಳ ತಾಪಮಾನವನ್ನು ಅರ್ಧ ಸೆಕೆಂಡಿಗೊಮ್ಮೆ ಓದುವ ತಂತ್ರಾಂಶವನ್ನು ಕ್ಯೂಟಿ (Qt, ತಂತ್ರಾಂಶ ಕಟ್ಟುವ ಸಿ++ ಚೌಕಟ್ಟು) ಬಳಸಿ ಬರೆದಿದ್ದೇನೆ; ಓದುವ ಹೊತ್ತನ್ನು ಒಂದು ಟೈಮರ್ ನೋಡಿಕೊಳ್ಳುತ್ತದೆ. ಓದುವ ಕೆಲಸವನ್ನು ಬೇರೊಂದು ಥ್ರೆಡ್‌ಗೆ (ಒಂದೇ ತಂತ್ರಾಂಶದೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಸಾಗಿಸಿದ ಮೇಲೆ, ಪರದೆಯ ‘ನಿಲ್ಲಿಸು’ ಬಟನ್ ಒತ್ತಿದರೆ ‘ಬೇರೆ ಥ್ರೆಡ್‌ನಿಂದ ಟೈಮರ್ ನಿಲ್ಲಿಸಲಾಗದು’ ಎಂಬರ್ಥದ ಎಚ್ಚರಿಕೆ ಬರುತ್ತದೆಯೇ ಹೊರತು ಓದುವುದು ನಿಲ್ಲುವುದಿಲ್ಲ. ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಒಳಬರುವಂತೆ ಮಾಡುವ ಬೀಗ) ಹಾಕಿದರೂ ಪ್ರಯೋಜನವಾಗಲಿಲ್ಲ. ಇಂಥದ್ದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಜಯನಗರದಿಂದ:
ಬೇಸರಿಸಬೇಡಿ ಸರ್, ಇಲ್ಲಿ ಮ್ಯೂಟೆಕ್ಸ್ ಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಾನೂ ಎರಡು ದಿನ ಅದನ್ನೇ ಮಾಡಿದ್ದೆ. ಕ್ಯೂಟಿಯಲ್ಲಿ ಪ್ರತಿಯೊಂದು ಟೈಮರ್ ಯಾವುದಾದರೂ ಒಂದು ಥ್ರೆಡ್‌ಗೆ ಸೇರಿದ್ದು, ಆ ಥ್ರೆಡ್‌ನ ಇವೆಂಟ್ ಲೂಪ್ (ಬಂದ ಸೂಚನೆಗಳನ್ನು ಒಂದೊಂದಾಗಿ ನಿರ್ವಹಿಸುವ ಸುತ್ತು) ಅದನ್ನು ನಡೆಸುತ್ತದೆ. ಆದ್ದರಿಂದ ಆರಂಭಿಸುವುದೂ ನಿಲ್ಲಿಸುವುದೂ ಆ ಥ್ರೆಡ್‌ನ ಒಳಗೇ ಆಗಬೇಕು. ಎಷ್ಟು ಬೀಗ ಹಾಕಿದರೂ ಕರೆ ಹೊರಡುವ ಥ್ರೆಡ್ ಬದಲಾಗುವುದಿಲ್ಲ. ಬಟನ್‌ನಿಂದ ಸ್ಟಾಪ್ ಅನ್ನು ನೇರವಾಗಿ ಕರೆಯದೆ ವರ್ಕರ್‌ನ (ಆ ಥ್ರೆಡ್‌ನಲ್ಲಿ ಓದುವ ಕೆಲಸ ಮಾಡುವ ಆಬ್ಜೆಕ್ಟ್) ಒಂದು ಸ್ಲಾಟ್‌ಗೆ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಸಿಗ್ನಲ್ ಕಳುಹಿಸಿ, ಆ ಸ್ಲಾಟ್‌ನಲ್ಲಿ ಟೈಮರ್ ನಿಲ್ಲಿಸಿ. ಬಟನ್, ವರ್ಕರ್ ಎರಡೂ ಬೇರೆ ಬೇರೆ ಥ್ರೆಡ್‌ಗಳಲ್ಲಿದ್ದರೆ ಕ್ಯೂಟಿ ಆ ಸಿಗ್ನಲನ್ನು ತಾನೇ ಸರದಿಯಲ್ಲಿಟ್ಟು ತಲುಪಿಸುತ್ತದೆ. ಆದರೆ ವರ್ಕರ್ ತನ್ನದೇ ವೈಲ್ ಲೂಪ್‌ನಲ್ಲಿ (ಮತ್ತೆ ಮತ್ತೆ ಓಡುವ ಕೋಡ್) ಸಿಕ್ಕಿಕೊಂಡಿದ್ದರೆ ಇವೆಂಟ್ ಲೂಪ್ ತಿರುಗದೆ, ಸಿಗ್ನಲ್ ಸರದಿಯಲ್ಲೇ ಉಳಿಯುತ್ತದೆ. ಇನ್ನೊಂದು ಮಾತು: ಮೂವ್‌ಟುಥ್ರೆಡ್ (ಬೇರೆ ಥ್ರೆಡ್‌ಗೆ ಸಾಗಿಸುವ ಕರೆ) ಮಾಡಿದಾಗ ವರ್ಕರ್‌ನ ಜೊತೆಗೆ ಹೋಗುವುದು ಅದರ ಮಕ್ಕಳು, ಅಂದರೆ ಅದನ್ನು ಪೇರೆಂಟ್ ಆಗಿ ಹೊಂದಿರುವ ಆಬ್ಜೆಕ್ಟ್‌ಗಳು ಮಾತ್ರ. ಟೈಮರ್ ಅನ್ನು ಕ್ಲಾಸಿನ ಸದಸ್ಯವಾಗಿಸಿ ಪೇರೆಂಟ್ ಕೊಡುವುದನ್ನು ಮರೆತರೆ, ವರ್ಕರ್ ಹೊಸ ಮನೆಗೆ ಹೋದರೂ ಟೈಮರ್ ಹಳೆಯ ಮನೆಯಲ್ಲೇ ಉಳಿದಿರುತ್ತದೆ.

ವೈಟ್‌ಫೀಲ್ಡ್‌ನಿಂದ:
ನಾನು ಡಾಟ್‌ನೆಟ್‌ನವಳು (ಮೈಕ್ರೋಸಾಫ್ಟ್‌ನ ತಂತ್ರಾಂಶ ವೇದಿಕೆ). ಅಲ್ಲಿ ಇಂಥ ಎಚ್ಚರಿಕೆಯೇ ಬರುವುದಿಲ್ಲ, ಹಾಗಾಗಿ ತೊಂದರೆ ತಡವಾಗಿ ತಿಳಿಯುತ್ತದೆ. ಸಿಸ್ಟಮ್ ಟೈಮರ್ಸ್‌ನ ಟೈಮರ್, ಬೇರೇನೂ ಸೂಚಿಸದಿದ್ದರೆ, ಥ್ರೆಡ್ ಪೂಲ್‌ನಲ್ಲಿ (ಕೆಲಸಕ್ಕೆ ಸಿದ್ಧವಾಗಿರುವ ಥ್ರೆಡ್‌ಗಳ ಗುಂಪು) ಓಡುವುದರಿಂದ, ಹಿಂದಿನ ಸುತ್ತು ಮುಗಿಯುವ ಮೊದಲೇ ಮುಂದಿನದು ಇನ್ನೊಂದು ಥ್ರೆಡ್‌ನಲ್ಲಿ ಶುರುವಾಗಬಹುದು. ಸ್ಟಾಪ್ ಕರೆದ ಬಳಿಕವೂ ಒಮ್ಮೆ ಬಡಿಯಬಹುದು. ನಾವು ಆಟೋರೀಸೆಟ್ (ಟೈಮರ್ ತಾನಾಗಿ ಮತ್ತೆ ಮತ್ತೆ ಬಡಿಯುವ ಆಯ್ಕೆ) ಅನ್ನು ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಆರಂಭಿಸುವಂತೆ ಮಾಡಿದೆವು. ಪ್ರತಿ ಆರಂಭಕ್ಕೂ ಒಂದು ಸರಣಿ ಸಂಖ್ಯೆ ಕೊಟ್ಟು, ಹಳೆಯ ಸಂಖ್ಯೆಯ ಫಲಿತಾಂಶ ಬಂದರೆ ಎಸೆಯುತ್ತೇವೆ. ನಿಮ್ಮಲ್ಲಿಯೂ, ನಿಲ್ಲಿಸಿದ ಕ್ಷಣದಲ್ಲಿ ಒಂದು ಓದು ದಾರಿಯಲ್ಲಿದ್ದರೆ ಅದು ಪರದೆಗೆ ಬಂದೇ ಬರುತ್ತದೆ.

ಮಲ್ಲೇಶ್ವರದಿಂದ:
ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇದಕ್ಕೇ ಎರಡು ಬಗೆಯ ಕರೆಗಳಿವೆ: ಒಂದು ಟೈಮರ್ ಅನ್ನು ಕಿತ್ತುಹಾಕುತ್ತದೆ ಅಷ್ಟೆ, ಇನ್ನೊಂದು ಓಡುತ್ತಿರುವ ಕಾಲ್‌ಬ್ಯಾಕ್ (ಟೈಮರ್ ಬಡಿದಾಗ ಓಡುವ ಫಂಕ್ಷನ್) ಮುಗಿಯುವವರೆಗೂ ಕಾಯುತ್ತದೆ. ಕಾಲ್‌ಬ್ಯಾಕ್‌ಗೆ ಬೇಕಾದ ಲಾಕ್ ಅನ್ನೇ ಹಿಡಿದುಕೊಂಡು ಆ ಎರಡನೆಯದನ್ನು ಕರೆದರೆ ಡೆಡ್‌ಲಾಕ್ ಆಗುತ್ತದೆ, ಅಂದರೆ ಎರಡೂ ಒಂದಕ್ಕೊಂದು ಕಾಯುತ್ತಾ ನಿಂತುಬಿಡುತ್ತವೆ. ಒಂದು ಶುಕ್ರವಾರ ಸಂಜೆ ನನಗೆ ಆಗಿದ್ದು ಇದೇ.

ಪೀಣ್ಯದಿಂದ:
ಎಲ್ಲರಿಗೂ ಧನ್ಯವಾದಗಳು. ಸಿಗ್ನಲ್ ಮೂಲಕ ಕಳುಹಿಸಿದ ಮೇಲೆ ಬಟನ್ ಕೆಲಸ ಮಾಡುತ್ತಿದೆ. ತಂತ್ರಾಂಶ ಮುಚ್ಚುವಾಗ ಅದೇ ಎಚ್ಚರಿಕೆ ಮತ್ತೆ ಬಂತು. ವರ್ಕರ್ ಅನ್ನು ಮುಖ್ಯ ಥ್ರೆಡ್‌ನಿಂದ ಡಿಲೀಟ್ ಮಾಡುತ್ತಿದ್ದೆ. ಥ್ರೆಡ್‌ನ ಫಿನಿಶ್ಡ್ ಸಿಗ್ನಲ್ ಅನ್ನು ವರ್ಕರ್‌ನ ಡಿಲೀಟ್‌ಲೇಟರ್‌ಗೆ (ಆಬ್ಜೆಕ್ಟನ್ನು ಅದರದೇ ಥ್ರೆಡ್‌ನಲ್ಲಿ ಆಮೇಲೆ ಅಳಿಸುವ ಸ್ಲಾಟ್) ಜೋಡಿಸಿದಾಗ ಅದೂ ಹೋಯಿತು. ಸರಣಿ ಸಂಖ್ಯೆಯನ್ನು ಈ ವಾರ ಸೇರಿಸುತ್ತೇನೆ.